ಹನ್ನೊಂದು ಬಾವಿಯ ನೀರು

ಕೊಡ ಎತ್ತಿಕೊಂಡು ಪಕ್ಕದ ಮನೆಯ ಬಾವಿಯ ಕಡೆ ಹೊರಟಿದ್ದ ತಮ್ಮನನ್ನು ಪುಷ್ಪಮ್ಮ ಬಾಗಿಲಲ್ಲೇ ತಡೆದಳು.

“ಅಲ್ಲಿಂದ ಬೇಡ, ವೀರೇಂದ್ರ.”

“ಮತ್ತೆಲ್ಲಿಂದ ತರ್ಲಿ ಅಕ್ಕ? ನಲ್ಲಿ ಬರೋದು ನಾಳೆ ಅಂತೆ. ಡ್ರಮ್ಮಲ್ಲಿ ತಳ ಕಾಣ್ತಿದೆ. ಭಾವನಿಗೆ ಸ್ನಾನ ಮಾಡಿಸ್ಬೇಕಲ್ಲ.”

“ಎಲ್ಲಿಂದಾದ್ರೂ ತಾ. ಬಾವಿ ನೀರು ಮಾತ್ರ ಬೇಡ.”

“ಕುಡಿಯೋಕಲ್ವಲ್ಲ ಅಕ್ಕ. ಇನ್ನು ಭಾವನಿಗೆ ಏನಾಗೋದಿದೆ?”

ಮಾತು ಬಾಯಿಂದ ಬಿದ್ದ ಮೇಲೆ ವೀರೇಂದ್ರ ತಲೆ ತಗ್ಗಿಸಿದ. ಪುಷ್ಪಮ್ಮ ಸಿಟ್ಟಾಗಲಿಲ್ಲ. ಕೊಡವನ್ನು ಅವನ ಕೈಯಿಂದ ತೆಗೆದುಕೊಂಡು ಹೊಸ್ತಿಲ ಮೇಲೆ ಕೂತುಬಿಟ್ಟಳು. ಒಳಗೆ ನಡುಮನೆಯಲ್ಲಿ ಅವಳ ಗಂಡ ಓಂಕಾರಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಬೆಳಗ್ಗೆ ಆರೂವರೆಗೆ ಜೀವ ಹೋಗಿತ್ತು. ಮೈ ಬಿಗಿಯುವ ಮುಂಚೆ ಪದ್ಮಾಸನ ಹಾಕಿಸಬೇಕೆಂದು ನೆಂಟರು ಅವಸರ ಮಾಡಿದ್ದರಿಂದ, ಕಾಲು ಮಡಚಿ, ಎದೆಗೆ ಪಂಚೆ ಸುತ್ತಿ ಗೋಡೆಯ ಗೂಟಕ್ಕೆ ಕಟ್ಟಿದ್ದರು. ಕಣ್ಣು ಸ್ವಲ್ಪ ತೆರೆದೇ ಇತ್ತು. ಬಿಳಿಗುಡ್ಡೆ ಅರಿಶಿನದ ಬಣ್ಣಕ್ಕೆ ತಿರುಗಿತ್ತು.

ಭದ್ರಾವತಿಯ ಓಲ್ಡ್ ಟೌನಿನ ಆ ಹಿಂದಿನ ಬೀದಿಯಲ್ಲಿ ಹನ್ನೊಂದು ಮನೆ, ಮನೆಗೊಂದು ಬಾವಿ. ಐದು ವರ್ಷದಿಂದ ಅಷ್ಟೂ ಬಾವಿಗಳ ಮೇಲೆ ಕಬ್ಬಿಣದ ಜಾಲರಿ ಕೂತಿದೆ. ಶಿಕಾರಿಪುರದಿಂದ ಬಂದಿದ್ದ ವೀರೇಂದ್ರನಿಗೆ ಇದರ ಅರ್ಧ ಕತೆ ಮಾತ್ರ ಗೊತ್ತಿತ್ತು. ಅವನು ಬೀದಿಗಿಳಿದು ಎರಡು ಮನೆಯ ಮುಂದೆ ನಿಂತ. ಒಂದು ಮನೆಯವರು “ನಮಗೇ ಸಾಲ್ದು” ಅಂದರು. ಇನ್ನೊಂದು ಮನೆಯ ಬಾಗಿಲು ತೆರೆಯಲಿಲ್ಲ. ಸಾವಾದ ಮನೆಗೆ ನೀರು ಕೊಡದ ಬೀದಿಯನ್ನು ಅವನು ಅದುವರೆಗೆ ಕಂಡಿರಲಿಲ್ಲ.

ಅವನು ಬರಿಗೈಲಿ ವಾಪಸು ಬರುವ ಹೊತ್ತಿಗೆ ಪಕ್ಕದ ಮನೆಯ ಪರಶುರಾಮ ಎರಡು ತುಂಬಿದ ಕೊಡ ತಂದು ಜಗಲಿಯ ಮೇಲೆ ಇಡುತ್ತಿದ್ದ. ಕಾರ್ಖಾನೆಯಲ್ಲಿ ದುಡಿದು ರಿಟೈರಾದ ಆಳು, ದಪ್ಪ ಮಣಿಕಟ್ಟು, ನೆರೆತ ಮೀಸೆ.

“ನಿನ್ನೆ ಹಿಡಿದಿಟ್ಟ ನಲ್ಲಿ ನೀರು,” ಅಂದ. ಹೇಳಿದ್ದು ಪುಷ್ಪಮ್ಮನಿಗಲ್ಲ, ಜಗಲಿಯ ಕಂಬಕ್ಕೆ ಹೇಳಿದಂತಿತ್ತು.

“ಒಳಗೆ ಬಾ, ಪರಶುರಾಮಣ್ಣ. ಮುಖ ನೋಡ್ಕೊಂಡು ಹೋಗು.”

ಅವನು ಹೆಗಲ ಮೇಲಿನ ಟವೆಲ್ಲಿನಿಂದ ಕೈ ಒರೆಸಿಕೊಂಡ. ಒಳಗೆ ಕತ್ತೆತ್ತಿಯೂ ನೋಡಲಿಲ್ಲ. ಬಂದ ದಾರಿಯಲ್ಲೇ ಮೆಟ್ಟಿಲಿಳಿದು ಹೋದ.

“ಯಾರಕ್ಕ ಅದು? ಒಳಗೂ ಬರ್ಲಿಲ್ಲ.”

“ಹಾಲಮ್ಮನ ಗಂಡ,” ಅಂದಳು ಪುಷ್ಪಮ್ಮ. “ಆರು ವರ್ಷದ ಮೇಲೆ ಇವತ್ತು ಈ ಜಗಲಿ ಹತ್ತಿದ್ದು. ಹೋಗು, ನೀರು ಕಾಯಿಸು.”

* * *

ಓಂಕಾರಪ್ಪ ಪಿಯುಸಿಯಲ್ಲಿ ಫೇಲಾದವನು. ಶಿವಮೊಗ್ಗದ ಒಂದು ಕಾಲೇಜಿನ ಕೆಮಿಸ್ಟ್ರಿ ವಿಭಾಗದಲ್ಲಿ ಮೂವತ್ತೊಂದು ವರ್ಷ ಲ್ಯಾಬ್ ಅಸಿಸ್ಟೆಂಟಾಗಿದ್ದ. ಬೆಳಗ್ಗೆ ಎಂಟರ ಬಸ್ಸಿಗೆ ಹೋದರೆ ಸಂಜೆ ಆರರ ಬಸ್ಸಿಗೆ ವಾಪಸು. ಬೀಕರು ತೊಳೆಯುವುದು, ಆ್ಯಸಿಡ್ ಅಳೆದು ಕೊಡುವುದು, ಗ್ಯಾಸ್ ಸಿಲಿಂಡರ್ ಬದಲಿಸುವುದು, ಇಷ್ಟೇ ಅವನ ಕೆಲಸ. ಶ್ರೀನಿವಾಸಮೂರ್ತಿ ಎಂಬ ಪ್ರೊಫೆಸರು ಆ ವಿಭಾಗಕ್ಕೆ ಬಂದ ಮೇಲೆ ಅದಕ್ಕೆ ಇನ್ನೊಂದು ಕೆಲಸ ಸೇರಿಕೊಂಡಿತು.

ನೀರಿನಲ್ಲಿ ಕಣ್ಣಿಗೆ ಕಾಣದಷ್ಟು, ಕೆಲವೊಮ್ಮೆ ಮೂಗಿಗೂ ಸಿಗದಷ್ಟು ಬೆರೆತಿರುವ ಫೀನಾಲಿನಂಥ ವಿಷವಸ್ತುಗಳನ್ನು ವಿದ್ಯುತ್ತಿನಿಂದ ಪತ್ತೆ ಹಚ್ಚುವುದು ಮೂರ್ತಿಯವರ ಸಂಶೋಧನೆ. ಪೆನ್ಸಿಲಿನಂಥ ಒಂದು ಕಡ್ಡಿ. ಅದರ ತುದಿಯಲ್ಲಿ ಹೆಸರುಕಾಳಿನಗಲದ, ಕನ್ನಡಿಯಂತೆ ಹೊಳೆಯುವ ಕರಿ ಚುಕ್ಕೆ. ಅದಕ್ಕೆ ಎಲೆಕ್ಟ್ರೋಡ್ ಎನ್ನುತ್ತಾರೆ. ಅದನ್ನು ನೀರಿಗೆ ಇಳಿಸಿ ಕರೆಂಟಿನ ಒತ್ತಡವನ್ನು ನಿಧಾನವಾಗಿ ಏರಿಸುತ್ತಾ ಹೋದರೆ, ಒಂದು ಹಂತದಲ್ಲಿ ಫೀನಾಲು ಆ ತುದಿಯ ಮೇಲೆ ಸುಡುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಸರಿಯುವ ಗೆರೆ ಅಲ್ಲಿ ಉಬ್ಬುತ್ತದೆ. ಉಬ್ಬು ಎಷ್ಟು ಎತ್ತರವೋ ನೀರಿನಲ್ಲಿ ವಿಷ ಅಷ್ಟು.

ಒಂದು ಸಲ ಅದ್ದಿ ತೆಗೆದ ಮೇಲೆ ಆ ತುದಿಯನ್ನು ಒದ್ದೆ ಬಟ್ಟೆಯ ಮೇಲೆ ನೀರಿನಲ್ಲಿ ಕಲಸಿದ ಬಿಳಿ ಪುಡಿ ಹಾಕಿ ಉಜ್ಜಬೇಕು. ಸುಮ್ಮನೆ ಉಜ್ಜಿದರೆ ಆಗದು. ಎಂಟರ ಅಂಕಿ ಬರೆದ ಹಾಗೆ, ಒತ್ತದೆ, ವಾಲಿಸದೆ ಉಜ್ಜಬೇಕು. ಪಿಎಚ್.ಡಿ. ಹುಡುಗ ಹುಡುಗಿಯರು ಉಜ್ಜಿದರೆ ಗೆರೆ ಅಂಕುಡೊಂಕಾಗುತ್ತಿತ್ತು. ಓಂಕಾರಪ್ಪ ಉಜ್ಜಿ ಕೊಟ್ಟರೆ ಗೆರೆ ನೇರ ಬರುತ್ತಿತ್ತು. “ಚಿನ್ನದಂಥ ಕೈ ನಿಮ್ಮದು” ಎಂದು ಮೂರ್ತಿಯವರು ಅನ್ನುತ್ತಿದ್ದರು. ಏಳು ಮಹಾಪ್ರಬಂಧಗಳ ಮೊದಲ ಪುಟದಲ್ಲಿ ಅವನಿಗೆ ಕೃತಜ್ಞತೆ ಹೇಳಿದ್ದಾರೆ. ಪ್ರತಿ ಸಲವೂ ಉಜ್ಜಬೇಕು ಎಂದು ಅವನಿಗೆ ಗೊತ್ತಿತ್ತು. ಯಾಕೆ ಎಂದು ಅವನು ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಪೂಜೆಯ ಪಾತ್ರೆ ಬೆಳಗಿದ ಹಾಗೆ ಅದೂ ಒಂದು ಶುದ್ಧಿ ಅಂದುಕೊಂಡಿದ್ದ.

ಒಂಬತ್ತು ವರ್ಷದ ಹಿಂದೆ ಅವನ ಬೀದಿಯ ಹಿಂದೆ ಒಂದು ಶೆಡ್ಡು ಎದ್ದಿತು. ಫೀನಾಲ್ ಬೆರೆತ ಪ್ಲೈವುಡ್ ಅಂಟು, ಮರಕ್ಕೆ ಬಳಿಯುವ ಎಣ್ಣೆ ತುಂಬಿ ಬಂದ ಹಳೆಯ ಡ್ರಮ್ಮುಗಳನ್ನು ತಂದು ತೊಳೆದು ಮಾರುವ ಶೆಡ್ಡು. ತೊಳೆದ ನೀರು ಹಿಂದಿನ ಗುಂಡಿಗೆ ಹೋಗುತ್ತಿತ್ತು. ಆ ವರ್ಷ ಮಳೆ ನಿಂತ ಮೇಲೆ ಮೊದಲು ಮಾತೆತ್ತಿದವಳು ಪರಶುರಾಮನ ಹೆಂಡತಿ ಹಾಲಮ್ಮ.

“ಅಣ್ಣ, ಬಾವಿ ನೀರು ಆಸ್ಪತ್ರೆ ವಾಸ್ನೆ ಬರುತ್ತೆ. ನೀವು ಕಾಲೇಜಲ್ಲಿ ನೀರು ನೋಡ್ತೀರಂತಲ್ಲ, ಒಂದ್ಸಲ ನೋಡ್ಬಾರ್ದಾ?”

ಓಂಕಾರಪ್ಪ ಹನ್ನೊಂದು ಬಾಟಲಿಯಲ್ಲಿ ನೀರು ತುಂಬಿಸಿ, ಮನೆಯವರ ಹೆಸರು ಬರೆದು ಅಂಟಿಸಿ, ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಶನಿವಾರದ ಬಸ್ಸು ಹತ್ತಿದ. ಲ್ಯಾಬಿನಲ್ಲಿದ್ದವಳು ದೀಪಶ್ರೀ. ಮೂರ್ತಿಯವರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ನವುಲೆಯ ಹುಡುಗಿ. ಅರ್ಧ ದಿನದ ಕಾಲೇಜು, ಎರಡು ಗಂಟೆಗೆ ವಾಚ್‌ಮನ್ ಬೀಗ ಹಾಕುತ್ತಾನೆ. ಓಂಕಾರಪ್ಪ ಮೊದಲು ತನ್ನ ಮನೆಯ ಬಾಟಲಿಯನ್ನೇ ತೆಗೆದ. ತುದಿ ಉಜ್ಜಿ ಇಳಿಸಿದ. ಗೆರೆ ಏರಿ ಉಬ್ಬಿತು.

“ಅಯ್ಯೋ, ನಿಮ್ಮ ಬಾವೀಲಿ ಇದೆ ಓಂಕಾರಣ್ಣ,” ಅಂದಳು ದೀಪಶ್ರೀ.

ಅವನು ಎರಡನೆಯ ಬಾಟಲಿ ತೆಗೆದು, ಕಡ್ಡಿಯನ್ನು ಮತ್ತೆ ಉಜ್ಜಲು ಬಟ್ಟೆಯ ಕಡೆ ಕೈ ಚಾಚಿದ. ದೀಪಶ್ರೀ ಗಡಿಯಾರ ನೋಡಿದಳು.

“ಪ್ರತಿಸಲ ಉಜ್ತಾ ಕೂತ್ರೆ ಇವತ್ತು ಮುಗಿಯಲ್ಲ. ನೀರಲ್ಲಿ ತೊಳೆದ್ರೆ ಸಾಕು.”

“ಸಾಕಾ ಮೇಡಂ?”

“ಸಾಕು.”

ಎರಡನೆಯದು ಪರಶುರಾಮನ ಬಾವಿಯ ನೀರು. ಗೆರೆ ಒಂದು ಕಡೆ ಚೂರು ಅಲುಗಿದಂತೆ ಕಂಡಿತು. “ಇದೇನೂ ಅಲ್ಲ” ಅಂದಳು ದೀಪಶ್ರೀ. ಮೂರನೆಯದರಿಂದ ಹನ್ನೊಂದನೆಯದರವರೆಗೆ ಗೆರೆ ಒರೆಸಿದ ನೆಲದಂತೆ ಸಪಾಟಾಗಿತ್ತು.

ಅವನು ಒಂದು ಹಾಳೆಯಲ್ಲಿ ಬರೆದ: ಓಂಕಾರಪ್ಪನ ಬಾವಿ, ಇದೆ. ಉಳಿದ ಹತ್ತು ಬಾವಿ, ಇಲ್ಲ. ಕೆಳಗೆ ‘ನೋಡಿದವರು’ ಎಂದು ಬರೆದು ತನ್ನ ಸಹಿ ಹಾಕಿದ. ಮೂವತ್ತೊಂದು ವರ್ಷದ ಕೆಲಸದಲ್ಲಿ ಅವನು ನೋಡಿದವನೆಂದು ಸಹಿ ಹಾಕಿದ್ದು ಅದೊಂದೇ ಕಾಗದ. ಸಂಜೆ ಬೀದಿಗೆ ಬಂದವನೇ ಅದನ್ನು ಮನೆಮನೆಗೂ ತೋರಿಸಿದ. ಮಾರನೆಯ ದಿನ ತನ್ನ ಬಾವಿಗೆ ಹಲಗೆ ಮುಚ್ಚಿದ.

“ನಮ್ಮನೆ ಬಾವಿ ಇದ್ಯಲ್ಲ ಅಣ್ಣ,” ಅಂದಿದ್ದಳು ಹಾಲಮ್ಮ. “ಎಷ್ಟು ಬೇಕಾದ್ರೂ ಸೇದ್ಕೊಳ್ಳಿ.”

ಮೂರು ವರ್ಷ ಆ ಎರಡು ಮನೆಯವರು ಒಂದೇ ಬಾವಿಯ ನೀರು ಕುಡಿದರು. ಮಧ್ಯೆ ಮಧ್ಯೆ ವಾಸನೆ ಬಂದರೆ, ಕಾಲೇಜಿನಲ್ಲೇ ನೋಡಿದ್ದಾರಲ್ಲ, ನಮ್ಮ ಮೂಗೇ ಸರಿಯಿಲ್ಲ ಅಂದುಕೊಂಡರು.

* * *

ಹನ್ನೊಂದು ಗಂಟೆಗೆ ದೀಪಶ್ರೀಯ ಕಾರು ಬೀದಿಯ ತುದಿಯಲ್ಲಿ ನಿಂತಿತು. ಪಕ್ಕದ ಸೀಟಿನಿಂದ ಮೂರ್ತಿಯವರು ನಿಧಾನವಾಗಿ ಇಳಿದರು. ಅವರಿಗೆ ಅರವತ್ತೈದಾಗಿದೆ, ಮಂಡಿನೋವು. ದೀಪಶ್ರೀ ಈಗ ಬೇರೊಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ.

ಓಂಕಾರಪ್ಪನಿಗೆ ಸ್ನಾನ ಮಾಡಿಸಿ, ಹಣೆಗೆ, ತೋಳಿಗೆ, ಎದೆಗೆ ವಿಭೂತಿ ಬಳಿದಿದ್ದರು. ಎಡ ಅಂಗೈಯಲ್ಲಿ ಲಿಂಗ ಇಟ್ಟು ಬಟ್ಟೆಯಿಂದ ಕಟ್ಟಿದ್ದರು. ದೀಪಶ್ರೀಗೆ ಆ ಕೈ ಕಂಡಿತು. ಬೆರಳುಗಳು ಬಿದಿರಿನ ಸೀಳಿನಂತಾಗಿದ್ದವು. ಹೂವಿನ ಹಾರ ಹಾಕಿ, ಕಾಲಿಗೆ ಕೈ ಮುಟ್ಟಿಸಿ, ಪುಷ್ಪಮ್ಮನ ಪಕ್ಕದಲ್ಲಿ ಕೂತಳು.

“ಊಟ ಬಿಟ್ಟು ಹದಿನೈದು ದಿನ ಆಗಿತ್ತು,” ಅಂದಳು ಪುಷ್ಪಮ್ಮ. “ಗಂಜಿ ಕೊಟ್ರೆ ಒಂದ್ ಚಮಚ. ಲಿವರ್ ಪೂರ್ತಿ ಹೋಗಿದೆ ಅಂದ್ರು. ಇದು ನೀರಿಂದ ಬಂದಿದ್ದಾ ಅಂತ ಸುಮನಾ ಕೇಳಿದ್ಲು. ಡಾಕ್ಟ್ರು ಹಂಗೆಲ್ಲ ಹೇಳೋಕಾಗಲ್ಲ ಅಂದ್ರು. ಹಾಲಮ್ಮನಿಗೂ ಹಂಗೇ ಅಂದಿದ್ರು.”

ಮಗಳು ಸುಮನಾ ಬಾಗಿಲ ಹತ್ತಿರ ನಿಂತಿದ್ದಳು. ಶಿವಮೊಗ್ಗದ ಹೊಸಮನೆಗೆ ಕೊಟ್ಟಿದ್ದಾರೆ. ಬೆಳಗ್ಗೆ ಸುದ್ದಿ ತಿಳಿದಾಗ ಉಟ್ಟಿದ್ದ ಸೀರೆಯಲ್ಲೇ ಬಂದಿದ್ದಳು. ಆರು ತಿಂಗಳಿಗೊಮ್ಮೆ ಅವಳು ರಕ್ತ ಪರೀಕ್ಷೆ ಮಾಡಿಸಿಕೊಳ್ಳುತ್ತಾಳೆ. ಅದನ್ನು ಗಂಡ ವಿಜಯಕುಮಾರನಿಗಲ್ಲದೆ ಯಾರಿಗೂ ಹೇಳಿಲ್ಲ.

ಹೊರಗೆ ಶಾಮಿಯಾನದ ಕೆಳಗೆ ಬೀದಿಯ ನಾಲ್ಕೈದು ಗಂಡಸರು ಕೂತಿದ್ದರು. ಬಂದದ್ದು ಅಷ್ಟೇ ಜನ. ಅವರ ಮಾತು ಒಳಗೆ ಕೇಳುತ್ತಿತ್ತು.

“ಒಳ್ಳೆ ಮನುಷ್ಯನೇ, ಇಲ್ಲ ಅನ್ನಕ್ಕಾಗಲ್ಲ.”

“ಒಳ್ಳೆತನ ಕಟ್ಕೊಂಡು ಏನ್ ಮಾಡ್ತೀಯ ಮಾರಾಯ. ಗೊತ್ತಿಲ್ದಿರೋ ಕೆಲ್ಸಕ್ಕೆ ಕೈ ಹಾಕ್ಬಾರ್ದಿತ್ತು. ಬೀಕರ್ ತೊಳೆಯೋನು ಡಾಕ್ಟ್ರಂಗೆ ರಿಪೋರ್ಟ್ ಕೊಟ್ಟ.”

“ನಮ್ಮತ್ತೆ ಅದೇ ನೀರು ಕುಡೀತಾ ಇದ್ರು. ಹೋದ್ರು.”

“ನಿಮ್ಮತ್ತೆಗೆ ಎಂಬತ್ತಾರಾಗಿತ್ತಲ್ಲೋ.”

“ಆದ್ರೂ.”

ಸುಮನಾ ಕಣ್ಣು ಮುಚ್ಚಿಕೊಂಡಳು. ಇಂಥ ಮಾತು ಕೇಳಿ ಅವಳಿಗೆ ಅಭ್ಯಾಸವಾಗಿತ್ತು. ದೀಪಶ್ರೀ ಮಡಿಲಲ್ಲಿದ್ದ ತನ್ನ ಕೈಗಳನ್ನೇ ನೋಡುತ್ತಿದ್ದಳು. ಮೂರ್ತಿಯವರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

* * *

ಆರು ವರ್ಷದ ಹಿಂದೆ ಒಂದು ಬೆಳಗ್ಗೆ ದೀಪಶ್ರೀ ಲ್ಯಾಬಿನಲ್ಲಿ ಇಬ್ಬರು ಹೊಸಬರಿಗೆ ಕೆಲಸ ಕಲಿಸುತ್ತಿದ್ದಳು. ಅವಳ ಪ್ರಬಂಧ ಮುಗಿದಿತ್ತು, ವೈವಾ ಬಾಕಿ ಇತ್ತು. ಫೀನಾಲ್ ಬೆರೆಸಿದ ಒಂದೇ ನೀರಿಗೆ ಕಡ್ಡಿಯನ್ನು ಮೂರು ಸಲ ಇಳಿಸಿದಳು, ಉಜ್ಜದೆ. ಮೊದಲ ಸಲ ಎತ್ತರದ ಉಬ್ಬು, ಎರಡನೆಯ ಸಲ ಅದರ ಕಾಲು ಭಾಗ, ಮೂರನೆಯ ಸಲ ಏನೂ ಇಲ್ಲ.

“ನೀರು ಅದೇ. ಆದ್ರೆ ಗೆರೆ ನೋಡಿ,” ಅಂದಳು. “ಫೀನಾಲ್ ಸುಟ್ಟಾಗ ತುದಿ ಮೇಲೆ ತೆಳ್ಳಗೆ ಒಂದು ಪದರ ಕಟ್ಟುತ್ತೆ, ಅಂಟಿನ ತರ. ಆಮೇಲೆ ಅದು ಕುರುಡು. ಎಷ್ಟೇ ವಿಷ ಇದ್ರೂ ಅದಕ್ಕೆ ಕಾಣಲ್ಲ. ನೀರಲ್ಲಿ ತೊಳೆದ್ರೆ ಹೋಗಲ್ಲ. ಉಜ್ಜಲೇಬೇಕು.”

ಹಿಂದೆ ತೊಟ್ಟಿಯ ಹತ್ತಿರ ಬೀಕರು ತೊಳೆಯುವ ಸದ್ದು ನಿಂತಿತು.

ದೀಪಶ್ರೀ ತಿರುಗಿ ನೋಡಿದಳು. ಓಂಕಾರಪ್ಪ ಬೀಕರು ಹಿಡಿದುಕೊಂಡೇ ನಿಂತಿದ್ದ. ನಲ್ಲಿ ಸುರಿಯುತ್ತಿತ್ತು. ಅವನ ಮುಖ ನೋಡಿದ ಮೇಲೆಯೇ ಅವಳಿಗೆ ಆ ಶನಿವಾರ ನೆನಪಾದದ್ದು. ಅವನು ನಲ್ಲಿ ನಿಲ್ಲಿಸಿದ.

ಮರುದಿನ ಅವನು ಅದೇ ಬಟ್ಟೆಯ ಚೀಲದಲ್ಲಿ ಹನ್ನೊಂದು ಬಾಟಲಿ ತಂದ. ಎರಡು ದಿನ ಕೂತ. ಪ್ರತಿ ಬಾಟಲಿಗೂ ಎಂಟು ಬರೆದು ಬರೆದು ತುದಿ ಉಜ್ಜಿದ. ಹನ್ನೊಂದರಲ್ಲೂ ಗೆರೆ ಉಬ್ಬಿತು. ಪರಶುರಾಮನ ಬಾವಿಯದು ಅವನ ಬಾವಿಯಷ್ಟೇ ಎತ್ತರವಿತ್ತು. ನೀರು ಸರಬರಾಜು ಇಲಾಖೆಗೆ ಕೊಡಲು ಒಂದು ಕಾಗದ ಬರೆದು ಕೊಡಿ ಎಂದು ಮೂರ್ತಿಯವರನ್ನು ಕೇಳಿದ.

“ವಿಭಾಗದ ಹೆಸರು ತರಬೇಡಿ ಓಂಕಾರಪ್ಪ. ಮೊದಲನೇ ಕಾಗದವನ್ನೂ ನಾವು ಕೊಟ್ಟಿದ್ದಲ್ಲ. ನೀವು ನಿಮ್ಮ ಲೆವೆಲ್ಲಲ್ಲಿ ಹೇಳಿಬಿಡಿ,” ಅಂದರು ಅವರು.

ಅವನು ತನ್ನ ಲೆವೆಲ್ಲಿನಲ್ಲಿ ಹೇಳಿದ. ಆ ಸಂಜೆ ಹತ್ತು ಮನೆಯ ಮೆಟ್ಟಿಲು ಹತ್ತಿದ. ಚಪ್ಪಲಿ ಬಿಟ್ಟು, ಬಾಗಿಲಲ್ಲೇ ನಿಂತು, “ನಾನು ಅವತ್ತು ನೋಡಿದ್ದು ತಪ್ಪಾಗಿದೆ. ನಿಮ್ಮ ಬಾವೀಲೂ ಇದೆ. ಇವತ್ತಿಂದ ಕುಡೀಬೇಡಿ” ಅಂದ. ಕೆಲವರು ನಕ್ಕರು. ಒಬ್ಬರು ಕೊರಳಪಟ್ಟಿ ಹಿಡಿದರು. ಕೊನೆಗೆ ಪರಶುರಾಮನ ಮನೆ. ಹಾಲಮ್ಮ ಹಾಸಿಗೆ ಹಿಡಿದು ಆಗಲೇ ಎರಡು ತಿಂಗಳಾಗಿತ್ತು. ಕಣ್ಣು ಹಳದಿಯಾಗಿತ್ತು, ಹೊಟ್ಟೆ ಊದಿತ್ತು.

“ಕೂತ್ಕೊಳ್ಳಿ ಅಣ್ಣ,” ಅಂದಳು ಅವಳು ಮಲಗಿದಲ್ಲಿಂದಲೇ.

ಅವನು ಕೂರಲಿಲ್ಲ. ನಿಂತೇ ಹೇಳಿದ. ಪರಶುರಾಮ ಪೂರ್ತಿ ಕೇಳಿಸಿಕೊಂಡ.

“ತಪ್ಪು ಮಾಡಿದ್ದು ಯಾರು?”

“ನಾನು.”

“ಜೊತೆಗೆ ಯಾರಿದ್ರು?”

“ಯಾರೂ ಇರ್ಲಿಲ್ಲ.”

“ನೀನೊಬ್ನೇ ನೋಡಿ, ನೀನೊಬ್ನೇ ಬರೆದು ಕೊಟ್ಟೆ.”

“ಹೂಂ.”

“ಹೋಗು,” ಅಂದ ಪರಶುರಾಮ. “ಇನ್ನು ಈ ಮೆಟ್ಲು ಹತ್ಬೇಡ.”

ನಾಲ್ಕು ತಿಂಗಳಿಗೆ ಹಾಲಮ್ಮ ಹೋದಳು. ಶೆಡ್ಡು ಮುಚ್ಚಿ ಆಗಲೇ ವರ್ಷವಾಗಿತ್ತು. ಅದರ ಯಜಮಾನ ಯಾವ ಊರಿನವನು, ಎಲ್ಲಿಗೆ ಹೋದ, ಯಾರಿಗೂ ಗೊತ್ತಿರಲಿಲ್ಲ. ಬೈಯಲು ಬೀದಿಗೆ ಉಳಿದವನು ಓಂಕಾರಪ್ಪ ಒಬ್ಬನೇ. ಆಮೇಲೆ ಎಂಟು ತಿಂಗಳು ಅವನು ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ತಿರುಗಿದ. ಬೀದಿಗೆ ನಲ್ಲಿ ಬಂತು, ಬಾವಿಗಳಿಗೆ ಜಾಲರಿ ಬಂತು. ನಲ್ಲಿ ಬಂದ ದಿನ ಯಾರೂ ಅವನ ಹೆಸರೆತ್ತಲಿಲ್ಲ.

ರಿಟೈರಾದ ಮೇಲೆ ಅವನು ಮನೆಯಲ್ಲೇ ಕೂತ. ಬೀದಿಯಲ್ಲಿ ನಡೆಯುವಾಗ ಪರಶುರಾಮನ ಬಾಗಿಲ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದ, ಆಮೇಲೆ ಮುಂದೆ ಹೋಗುತ್ತಿದ್ದ. ದಿನವೂ ನಿಲ್ಲುತ್ತಿದ್ದ. ಪರಶುರಾಮ ಒಳಗೆ ಕೂತು ನೋಡುತ್ತಿದ್ದ. ಕರೆಯಲಿಲ್ಲ.

* * *

ಮೂರು ಗಂಟೆಗೆ ವಿಮಾನ ಎತ್ತಿದರು. ಬಿದಿರು ಕಟ್ಟಿ, ಬಾಳೆಕಂದು, ಚೆಂಡುಹೂವಿನಿಂದ ಮಾಡಿದ ಪುಟ್ಟ ಮಂಟಪದಲ್ಲಿ ಓಂಕಾರಪ್ಪ ಕೂತಿದ್ದ. ಹೊರಲು ಮುಂದೆ ವೀರೇಂದ್ರ ಮತ್ತು ಅಳಿಯ ವಿಜಯಕುಮಾರ್, ಹಿಂದೆ ಶಿಕಾರಿಪುರದ ಇಬ್ಬರು ನೆಂಟರು. ಬೀದಿಯವರು ಯಾರೂ ಹೆಗಲು ಕೊಡಲು ಮುಂದೆ ಬರಲಿಲ್ಲ. ಭಜನೆಯ ಮೂವರು ತಾಳ ತಟ್ಟುತ್ತಾ ಮುಂದೆ ನಡೆದರು. ತಿರುವು ದಾಟುವಾಗ ಮಂಟಪ ವಾಲಿತು, ಓಂಕಾರಪ್ಪನ ತಲೆ ಪಕ್ಕಕ್ಕೆ ಬಾಗಿತು. ಸುಮನಾ ಓಡಿಹೋಗಿ ಅಪ್ಪನ ತಲೆಯನ್ನು ನೆಟ್ಟಗೆ ಮಾಡಿದಳು. ಸ್ಮಶಾನದವರೆಗೂ ಒಂದು ಕೈಯಿಂದ ಹಾಗೇ ಹಿಡಿದುಕೊಂಡೇ ನಡೆದಳು.

ಎಲ್ಲರಿಗಿಂತ ಹಿಂದೆ, ಐವತ್ತು ಹೆಜ್ಜೆ ಬಿಟ್ಟು, ಪರಶುರಾಮ ಬರುತ್ತಿದ್ದುದನ್ನು ದೀಪಶ್ರೀ ನೋಡಿದಳು. ಅವನನ್ನು ಅವಳು ಮೊದಲು ಕಂಡಿರಲಿಲ್ಲ. “ಅದೇ ಹಾಲಮ್ಮನ ಗಂಡ,” ಎಂದು ಪುಷ್ಪಮ್ಮ ಮೆಲ್ಲಗೆ ತೋರಿಸಿದಳು.

ಎರಡು ತಿಂಗಳ ಹಿಂದೆ ದೀಪಶ್ರೀ ಆಸ್ಪತ್ರೆಗೆ ಹೋಗಿದ್ದಳು. ಓಂಕಾರಪ್ಪ ಮಂಚದಲ್ಲಿ ಮೂಳೆಯ ಗಂಟಿನಂತೆ ಮಲಗಿದ್ದ.

“ನಾನು ಪರಶುರಾಮ ಅವರಿಗೆ ಹೇಳ್ತೀನಿ ಓಂಕಾರಣ್ಣ. ಸಾಕು ಅಂದಿದ್ದು ನಾನು ಅಂತ.”

“ಹೇಳಿ ಏನ್ ಮಾಡ್ತೀರಿ ಮೇಡಂ. ಹಾಲಮ್ಮ ವಾಪಸ್ ಬರ್ತಾರಾ? ನಿಮ್ಮ ಕೆಲ್ಸ ಇನ್ನೂ ಪರ್ಮನೆಂಟ್ ಆಗಿಲ್ಲ. ಕೈ ನನ್ನದೇ ಅಲ್ವಾ.”

“ನೀವು ಉಜ್ಜೋಕೆ ಹೋಗಿದ್ರಿ. ನಾನು ತಡೆದೆ.”

ಅವನು ಸ್ವಲ್ಪ ಹೊತ್ತು ಉಸಿರು ಹುಡುಕಿದ.

“ನಾನು ಸಾಕಾ ಅಂತ ಕೇಳಿದ್ದೆ. ನೆನಪಿದ್ಯಾ? ಕೇಳಿದ್ದೆ ಅಂದ್ರೆ ನಂಗೆ ಅನುಮಾನ ಇತ್ತು. ಅನುಮಾನ ಇಟ್ಕೊಂಡೂ ಸಹಿ ಹಾಕ್ದೆ. ನನ್ನ ಹೆಸರು ಬರೆಯೋ ಆಸೆ. ಅದನ್ನ ನೀವು ಹೊರೋಕಾಗಲ್ಲ.”

ಆ ದಿನ ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅವಳಿಗೆ ಮೈ ಹಗುರವೆನಿಸಿತ್ತು. ಹೇಳಬೇಕಾಗಿಲ್ಲ ಎಂಬ ಹಗುರ. ಬಸ್‌ಸ್ಟ್ಯಾಂಡ್ ತಲಪುವ ಹೊತ್ತಿಗೆ ಆ ಹಗುರಕ್ಕೇ ಅವಳಿಗೆ ನಾಚಿಕೆಯಾಯಿತು. ಆದರೂ ಎರಡು ತಿಂಗಳು ಸುಮ್ಮನಿದ್ದಳು.

* * *

ಗುಂಡಿ ತೋಡಿ ಇಟ್ಟಿದ್ದರು. ಓಂಕಾರಪ್ಪನನ್ನು ಇಳಿಸಿ, ಒಳಗಿನ ಗೂಡಿನಲ್ಲಿ ಕೂರಿಸಿ, ಸುತ್ತ ವಿಭೂತಿ ಗಟ್ಟಿ, ಬಿಲ್ವಪತ್ರೆ, ಉಪ್ಪು ತುಂಬಿದರು. ಸ್ವಾಮಿಗಳು ಮಂತ್ರ ಹೇಳಿ ಮೊದಲ ಹಿಡಿ ಮಣ್ಣು ಹಾಕಿದರು. ಪುಷ್ಪಮ್ಮ ಹಾಕಿದಳು, ಸುಮನಾ ಹಾಕಿದಳು. ಮೂರ್ತಿಯವರು ಮಂಡಿ ಹಿಡಿದುಕೊಂಡು ಬಗ್ಗಿ ಒಂದು ಚಿಟಿಕೆ ಹಾಕಿದರು. ಆಳುಗಳು ಸಲಿಕೆ ಎತ್ತಿಕೊಂಡರು.

ಪರಶುರಾಮ ಕಾಂಪೌಂಡಿನ ಹತ್ತಿರವೇ ನಿಂತಿದ್ದ. ದೀಪಶ್ರೀ ಮಣ್ಣಾದ ಕೈಯಲ್ಲೇ ಅವನ ಹತ್ತಿರ ಹೋದಳು.

“ನಾನು ದೀಪಶ್ರೀ. ಓಂಕಾರಣ್ಣ ಇದ್ದ ಲ್ಯಾಬಲ್ಲಿ ಇದ್ದೆ.”

“ಹೂಂ. ಕಾಲೇಜಿನವರು.”

“ಅವತ್ತು ನೀರು ನೋಡೋವಾಗ ನಾನೂ ಅಲ್ಲಿದ್ದೆ.”

ಅವನು ಅವಳ ಕಡೆ ತಿರುಗಿದ.

“ಒಬ್ನೇ ಇದ್ದೆ ಅಂದಿದ್ದ.”

“ಅವರು ಒಬ್ಬರೇ ಇರ್ಲಿಲ್ಲ. ಒಂದೊಂದು ಬಾಟಲಿಗೂ ಉಜ್ಜಬೇಕಿತ್ತು. ಅವರು ಉಜ್ಜೋಕೇ ಹೊರಟಿದ್ರು. ಟೈಮಾಯ್ತು, ತೊಳೆದ್ರೆ ಸಾಕು ಅಂದೋಳು ನಾನು. ಕಲಿತಿದ್ದೋಳು ನಾನು. ಅವರಿಗೆ ಯಾರೂ ಕಲಿಸಿರ್ಲಿಲ್ಲ.”

ಸಲಿಕೆಯಿಂದ ಬೀಳುವ ಮಣ್ಣಿನ ಸದ್ದು ಕೇಳುತ್ತಿತ್ತು.

“ಅದು ನಿಮಗೆ ಗೊತ್ತಾಗಿದ್ದು ಯಾವಾಗ?”

“ಆರು ವರ್ಷದ ಹಿಂದೆ. ಅವರಿಗೆ ಗೊತ್ತಾದ ದಿನವೇ.”

“ಆಗ ನನ್ನ ಹೆಂಡ್ತಿ ಬದುಕಿದ್ಲು,” ಅಂದ. “ನೀವು ಬಂದು ಹೇಳಿದ್ರೆ ನಿಮ್ಮನ್ನೂ ಕೂತ್ಕೊಳ್ಳಿ ಅನ್ನೋಳು. ಅವಳು ಹಂಗೇ.”

ಪರಶುರಾಮ ಗುಂಡಿಯ ಕಡೆ ನೋಡಿದ.

“ಅವ್ನು ದಿನಾ ನನ್ನ ಬಾಗಿಲ ಮುಂದೆ ನಿಂತು ಹೋಗ್ತಿದ್ದ. ಹೇಳ್ತಾನೇನೋ ಅಂತ ನಾನು ಕಾಯ್ತಿದ್ದೆ. ಏನು ಹೇಳ್ಬೇಕು ಅಂತ ನಂಗೂ ಗೊತ್ತಿರ್ಲಿಲ್ಲ. ಒಂದು ದಿನ ನಾನೇ ಬಾ ಅಂದಿದ್ರೆ…” ಮಾತು ಅಲ್ಲಿಗೇ ಬಿಟ್ಟ. ಟವೆಲ್ಲಿನಿಂದ ಮುಖ ಒರೆಸಿಕೊಂಡ. “ನಂಗೆ ಯಾಕೆ ಹೇಳ್ತಿದೀರಿ? ಅಲ್ಲಿ ಕೂತಿದಾಳಲ್ಲ, ಅವಳಿಗೆ ಹೇಳಿ. ಬೀದೀಲಿ ತಲೆ ತಗ್ಗಿಸಿ ಓಡಾಡಿದ್ದು ಅವಳು.”

ಪುಷ್ಪಮ್ಮ ಹೊಂಗೆಮರದ ಕೆಳಗೆ ಮಗಳ ಜೊತೆ ಕೂತಿದ್ದಳು. ದೀಪಶ್ರೀ ಎದುರಿಗೆ ನೆಲದ ಮೇಲೆ ಕೂತು ಅದನ್ನೇ ಮತ್ತೆ ಹೇಳಿದಳು. ಈ ಸಲ ಹೇಳುವುದು ಇನ್ನೂ ಕಷ್ಟವಾಯಿತು. ಸುಮನಾ ಅವಳನ್ನು ದಿಟ್ಟಿಸಿದಳು, ಆಮೇಲೆ ಮುಖ ಪೂರ್ತಿ ಆ ಕಡೆ ತಿರುಗಿಸಿಕೊಂಡಳು. ಮತ್ತೆ ಈ ಕಡೆ ತಿರುಗಲೇ ಇಲ್ಲ.

ಪುಷ್ಪಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕೇಳಿದಳು.

“ನಂಗೆ ಹೇಳಿರ್ಲಿಲ್ಲ,” ಅಂದಳು. “ಹೇಳಿದ್ರೆ ನಾನು ಬೀದೀಲಿ ನಿಂತು ಕೂಗಿ ಹೇಳ್ತಿದ್ದೆ. ಅದು ಅವರಿಗೆ ಗೊತ್ತಿತ್ತು. ಅದಕ್ಕೇ ಹೇಳ್ಲಿಲ್ಲ.”

“ನನ್ನಿಂದ ತಪ್ಪಾಯ್ತು ಅಮ್ಮ.”

“ಹೌದು, ಆಯ್ತು,” ಅಂದಳು ಪುಷ್ಪಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ. “ಹೊರಡಿ. ಮೇಷ್ಟ್ರು ಬಿಸಿಲಲ್ಲಿ ನಿಂತಿದಾರೆ.”

ಮೂರ್ತಿಯವರು ಕಾರಿನ ಬಾಗಿಲು ಹಿಡಿದು ನಿಂತಿದ್ದರು. ಅವರಿಗೆ ಏನು ನಡೆಯಿತೆಂದು ತಿಳಿದಿತ್ತು.

“ಇವತ್ತು ಅದೆಲ್ಲ ಬೇಕಿತ್ತಾ ದೀಪಶ್ರೀ?” ಅಂದರು ಸೀಟಿನಲ್ಲಿ ಕೂತ ಮೇಲೆ. ಅವಳು ಸೀಟ್‌ಬೆಲ್ಟ್ ಹಾಕಿಕೊಂಡಳು. ಆಮೇಲೆ ಅವರೇ, “ಆ ಕಾಗದ ನಾನು ಬರೆದುಕೊಡಬಹುದಿತ್ತು,” ಅಂದು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

ಜನ ಚದುರುತ್ತಿದ್ದರು. ಭಜನೆಯವರು ತಾಳಗಳನ್ನು ಚೀಲಕ್ಕೆ ಹಾಕಿಕೊಂಡು ಆಟೋ ಹತ್ತಿದರು. ವೀರೇಂದ್ರ ಅಕ್ಕನ ಕೈ ಹಿಡಿದು ಗೇಟಿನ ಕಡೆ ನಡೆಸಿಕೊಂಡು ಬರುತ್ತಿದ್ದ. ದೀಪಶ್ರೀ ಕಾರನ್ನು ಹಿಂದಕ್ಕೆ ತೆಗೆಯಲು ತಿರುಗಿದಾಗ ಸಮಾಧಿಯ ಕಡೆ ಕಣ್ಣು ಹೋಯಿತು.

ಗುಂಡಿ ಮುಚ್ಚಿ ಮಣ್ಣು ಗುಡ್ಡೆಯಾಗಿತ್ತು. ಆಳುಗಳು ಸಲಿಕೆ ಊರಿಕೊಂಡು ಒಂದು ಪಕ್ಕಕ್ಕೆ ನಿಂತು ಕಾಯುತ್ತಿದ್ದರು. ಪರಶುರಾಮ ಗುಡ್ಡೆಯ ಮುಂದೆ ಮಂಡಿಯೂರಿ ಕೂತಿದ್ದ. ಹೆಂಟೆಗಳನ್ನು ಒಂದೊಂದಾಗಿ ಎತ್ತಿ, ಎರಡು ಅಂಗೈಗಳ ನಡುವೆ ತಿಕ್ಕಿ ಪುಡಿ ಮಾಡಿ, ಮತ್ತೆ ಅಲ್ಲೇ ಉದುರಿಸುತ್ತಿದ್ದ. ನಡುನಡುವೆ ಜಂಬಿಟ್ಟಿಗೆಯ ಕಲ್ಲು ಸಿಕ್ಕರೆ ಅದನ್ನು ಆರಿಸಿ ತೆಗೆದು, ಎಸೆಯದೆ, ತನ್ನ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದ. ಆಗಲೇ ಒಂದು ಸಣ್ಣ ಸಾಲಾಗಿತ್ತು. ಆಳುಗಳಲ್ಲಿ ಒಬ್ಬ ಏನೋ ಹೇಳಿದ. ಪರಶುರಾಮ ತಲೆಯೆತ್ತಲಿಲ್ಲ. ಗುಡ್ಡೆಯ ಇನ್ನೊಂದು ಬದಿಗೆ ಮಂಡಿಯ ಮೇಲೇ ಸರಿದು, ಅಲ್ಲಿಯ ಮಣ್ಣಿಗೆ ಕೈ ಹಾಕಿದ.